ಬಕೆಟ್ಟಿನಲ್ಲಿದ್ದ ನಕ್ಷತ್ರ ಮೀನು

ಈ ಬೇಸಿಗೆಯ ಒಂದು ಶುಕ್ರವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಅಕ್ಕ, ಭಾವ, ಅವರ ಏಳು ವರ್ಷದ ಪುಟ್ಟಿ ವಾಷಿಂಗ್ಟನ್ ರಾಜ್ಯದ ಡಿಸೆಪ್ಷನ್ ಪಾಸ್ ಸ್ಟೇಟ್ ಪಾರ್ಕಿನಲ್ಲಿ ಟೆಂಟ್ ಹಾಕಿದ್ದರು. ನಾವು ಮರುದಿನ ಬಾಥೆಲ್‌ನಿಂದ ಹೊರಟು ಅಲ್ಲಿ ಒಂದು ಹಗಲು ಕಳೆದು ಬರುವವರಿದ್ದೆವು. ತಮ್ಮ ಪೋರ್ಟ್‌ಲ್ಯಾಂಡ್‌ನಲ್ಲಿ, ಚಿಕ್ಕಮ್ಮ ಕುಮಟೆಯಲ್ಲಿ, ದೊಡ್ಡಪ್ಪ ಶಿರಸಿಯಲ್ಲಿ. ಎಲ್ಲರನ್ನೂ ಕೇಳಿಯೇ ಹಾಕಿದ್ದೇನೆ. ಸಮಯ ಇಲ್ಲಿನದು, ಊರಲ್ಲಿ ಆಗ ರಾತ್ರಿ ಒಂಬತ್ತು ದಾಟಿತ್ತು.

ಭಾವ, 8:52
(ಫೋಟೋ) ಪುಟ್ಟಿಗೆ ಸಿಕ್ಕಿದ್ದು ನೋಡಿ! ರೊಸಾರಿಯೊ ಬೀಚಿನ ಬಂಡೆಯಲ್ಲಿ ಅಂಟಿಕೊಂಡಿತ್ತು. ಎಂಥಾ ಕೇಸರಿ ಬಣ್ಣ ಅಲ್ವಾ! ಬಕೆಟ್ಟಲ್ಲಿ ಹಾಕಿಕೊಂಡು ಟೆಂಟಿಗೆ ಹೊರಟಿದ್ದೇವೆ. ಒಣಗಿಸಿ ಷೋಕೇಸಲ್ಲಿ ಇಡಬೇಕಂತೆ.

ದೊಡ್ಡಪ್ಪ, 8:54
ಬಹಳ ಚೆನ್ನಾಗಿದೆ. ನಮ್ಮ ಶಾಲೆಯ ಲ್ಯಾಬಿನಲ್ಲಿ ಫಾರ್ಮಲಿನ್ ಬಾಟಲಿಯಲ್ಲಿ ಒಂದಿತ್ತು, ಬೆಳ್ಳಗೆ ಬಿಳಚಿಕೊಂಡು. ಬಣ್ಣದ್ದು ಈಗಲೇ ನೋಡಿದ್ದು.

ಚಿಕ್ಕಮ್ಮ, 8:55
ನನ್ನ ಬಂಗಾರಿ, ಹಲ್ಲು ಬಿದ್ದಿದೆಯಲ್ಲೇ! ಅಳಿಯಂದಿರೇ, ಅದಕ್ಕೆ ಜೀವ ಇದೆಯಾ?

ಭಾವ, 8:55
ಇದೆ ಚಿಕ್ಕಮ್ಮ, ಅಲ್ಲಾಡುತ್ತಿದೆ.

ನಾನು, 8:57
ಭಾವ, ದಯವಿಟ್ಟು ಅದನ್ನು ವಾಪಸ್ ಬಿಡಿ. ರೊಸಾರಿಯೊದಿಂದ ಯಾವ ಜೀವಿಯನ್ನೂ ತೆಗೆದುಕೊಂಡು ಹೋಗಬಾರದು. ಅಲ್ಲಿ ಬಂಡೆಗಳ ನಡುವೆ ಹಗ್ಗ ಹಾಕಿ ನಡೆಯುವ ದಾರಿ ಗುರುತು ಮಾಡಿರುವುದೇ ಅದಕ್ಕೆ, ಜನ ತುಳಿದು ತುಳಿದು ಹಾಳಾಗಬಾರದು ಅಂತ. ನೀವು ಅಷ್ಟು ದೂರ ಟೆಂಟ್ ಹಾಕಿ ಇಂಥದ್ದು ಮಾಡುವುದಾ?

ಭಾವ, 8:59
ಬೆಳಿಗ್ಗೆ ಬೆಳಿಗ್ಗೆ ಶುರು ಮಾಡಿದೆಯಾ. ಮಗು ಖುಷಿಯಾಗಿದೆ, ಅದನ್ನು ನೋಡು ಮೊದಲು. ಇಲ್ಲಿ ಸುತ್ತಲೂ ಹತ್ತಾರು ಇವೆ. ಒಂದು ತೆಗೆದರೆ ಸಮುದ್ರ ಬರಿದಾಗುತ್ತದಾ?

ದೊಡ್ಡಪ್ಪ, 9:00
ಅಳಿಯಂದಿರು ಹೇಳುವುದರಲ್ಲೂ ನ್ಯಾಯ ಇದೆ. ಮಕ್ಕಳು ಕೈಯಲ್ಲಿ ಮುಟ್ಟಿದ್ದನ್ನು ಮರೆಯುವುದಿಲ್ಲ. ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದ್ದೇನೆ. ಪುಸ್ತಕದಲ್ಲಿ ನೋಡಿದ್ದು ಪರೀಕ್ಷೆ ಮುಗಿದ ಮೇಲೆ ಹೋಯ್ತು, ಮುಟ್ಟಿದ್ದು ಉಳಿಯಿತು.

ನಾನು, 9:01
ಮುಟ್ಟಲಿ ದೊಡ್ಡಪ್ಪ, ಒದ್ದೆ ಕೈಯಲ್ಲಿ ಮೆಲ್ಲಗೆ. ಅಂಟಿಕೊಂಡ ಜಾಗದಿಂದ ಕೀಳಬಾರದು. ಅದರ ಅಡಿಯಲ್ಲಿ ನೂರಾರು ಸಣ್ಣ ಕೊಳವೆ ಕಾಲು ಇರುತ್ತವೆ. ಗಟ್ಟಿಯಾಗಿ ಎಳೆದರೆ ಅವು ಹರಿದು ಬಂಡೆಯಲ್ಲೇ ಉಳಿಯುತ್ತವೆ.

ಭಾವ, 9:03
ಇಳಿತದಲ್ಲಿ ಅದು ನೀರಿನಿಂದ ಹೊರಗೇ ಇತ್ತು ಮಾರಾಯ್ತಿ, ನಾವೇನು ಆಳದಿಂದ ಎತ್ತಿದ್ದಲ್ಲ. ಬಕೆಟ್ಟಲ್ಲಿ ನೀರಾದರೂ ಇದೆ. ಹಾಗೆ ನೋಡಿದರೆ ಈಗಲೇ ಅದು ಜಾಸ್ತಿ ಆರಾಮಾಗಿದೆ.

ಅಕ್ಕ, 9:04
ನೀರು ಸಾಲಲಿಲ್ಲ ಅಂತ ಪುಟ್ಟಿ ತನ್ನ ಬಾಟಲಿಯ ನೀರನ್ನೂ ಹಾಕಿದಳು.

ನಾನು, 9:04
ಅಯ್ಯೋ ಅಕ್ಕಾ, ಮೊದಲು ಆ ನೀರು ಚೆಲ್ಲು! ಸಿಹಿ ನೀರನ್ನು ಅದು ತಡೆಯುವುದಿಲ್ಲ. ಉಪ್ಪು ಕಡಿಮೆಯಾದರೆ ಸರಿ ಮಾಡಿಕೊಳ್ಳುವ ವ್ಯವಸ್ಥೆ ಅದರ ಮೈಯಲ್ಲಿ ಇಲ್ಲ. ಇಳಿತದಲ್ಲಿ ಹೊರಗಿರುತ್ತದೆ, ನಿಜ. ಆದರೆ ತಣ್ಣನೆಯ ಬಂಡೆಯ ಸಂದಿಯಲ್ಲಿ ಒದ್ದೆ ಪಾಚಿಯ ಕೆಳಗೆ ಅವುಚಿಕೊಂಡಿರುತ್ತದೆ, ಕೆಲವು ಗಂಟೆಯಲ್ಲಿ ನೀರು ವಾಪಸ್ ಬರುತ್ತದೆ. ಅಲ್ಲಿನ ಸಮುದ್ರ ಬೇಸಿಗೆಯಲ್ಲೂ ಹತ್ತು ಡಿಗ್ರಿಯ ಆಸುಪಾಸು. ಬಿಸಿಲಿಗೆ ಬಕೆಟ್ಟು ಎಷ್ಟು ಬೇಗ ಬೆಚ್ಚಗಾಗುತ್ತದೆ ನೀವೇ ಕೈ ಹಾಕಿ ನೋಡಿ.

ಅಕ್ಕ, 9:06
ಚೆಲ್ಲಿದೆ. ಸಮುದ್ರದ ನೀರು ತುಂಬಿಸಿದೆ. ಬೀಚಿನ ಹತ್ತಿರವೇ ನೆರಳಲ್ಲಿ ಕೂತಿದ್ದೇವೆ. ಪುಟ್ಟಿ ಮುಖ ಸಣ್ಣ ಮಾಡಿಕೊಂಡಿದ್ದಾಳೆ.

ತಮ್ಮ, 9:08
ಈಗ ಎದ್ದೆ, ಎಲ್ಲ ಓದಿದೆ. ಭಾವ, ಒಂದರಿಂದ ಏನಾಗುತ್ತದೆ ಅಂತ ಕೇಳಿದಿರಲ್ಲ, ಈ ಪ್ರಶ್ನೆಗೆ ನಿಮ್ಮ ರಾಜ್ಯದಲ್ಲೇ ಒಬ್ಬರು ಉತ್ತರ ಹುಡುಕಿದ್ದರು. ರಾಬರ್ಟ್ ಪೇಯ್ನ್ ಅಂತ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರೊಫೆಸರ್. 1963ರಲ್ಲಿ ಪೆಸಿಫಿಕ್ ದಡದ ಮಕಾ ಬೇನಲ್ಲಿ ಒಂದು ತುಂಡು ಬಂಡೆ ಆರಿಸಿಕೊಂಡು, ಅಲ್ಲಿದ್ದ ಓಕರ್ ಸ್ಟಾರ್‌ಗಳನ್ನೆಲ್ಲ ಕಿತ್ತು ಸಮುದ್ರಕ್ಕೆ ಎಸೆದರು. ಪುಟ್ಟಿ ಹಿಡಿದಿರುವುದು ಅದೇ ಜಾತಿ. ಮತ್ತೆ ಬಂದವನ್ನೂ ಎಸೆಯುತ್ತಾ ಹೋದರು. ನಕ್ಷತ್ರ ಮೀನಿನ ಊಟ ಮಸಲ್, ಅಂದರೆ ನಮ್ಮ ಕಡೆಯ ನೀಲಿಕಲ್ಲು ಚಿಪ್ಪಿನ ಬಳಗದ್ದು. ತಿನ್ನುವವರಿಲ್ಲದೆ ಮಸಲ್ ಇಡೀ ಬಂಡೆ ಹಬ್ಬಿಕೊಂಡಿತು, ಉಳಿದವಕ್ಕೆ ಕೂರಲು ಜಾಗವೇ ಇಲ್ಲ. ಮೊದಲು ಹದಿನೈದು ಜಾತಿ ಇದ್ದಲ್ಲಿ ಎಂಟು ಉಳಿದವು. ‘ಕೀಸ್ಟೋನ್ ಸ್ಪೀಶೀಸ್’, ಅಂದರೆ ಅದೊಂದು ಹೋದರೆ ಸುತ್ತಲಿನ ಜೀವಿಗಳ ಕೂಟವೇ ಬದಲಾಗುವಂಥ ಜಾತಿ, ಎಂಬ ಮಾತು ಹುಟ್ಟಿದ್ದೇ ಆ ಬಂಡೆಯಿಂದ.

ದೊಡ್ಡಪ್ಪ, 9:11
ಆ ಪ್ರಯೋಗ ಗೊತ್ತು. ಆದರೆ ಅವರು ಎಲ್ಲವನ್ನೂ ತೆಗೆದರು, ವರ್ಷಗಟ್ಟಲೆ. ಇವರು ತೆಗೆದದ್ದು ಒಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ.

ತಮ್ಮ, 9:12
ಸರಿ ದೊಡ್ಡಪ್ಪ. ಆದರೆ ಆ ಬಂಡೆಗೆ ದಿನಾ ಬರುವ ಮಕ್ಕಳು ಎಷ್ಟು? ಡಿಸೆಪ್ಷನ್ ಪಾಸ್ ಅಂದರೆ ವಾಷಿಂಗ್ಟನ್‌ನಲ್ಲಿ ಅತಿ ಹೆಚ್ಚು ಜನ ಹೋಗುವ ಸ್ಟೇಟ್ ಪಾರ್ಕ್. ಪ್ರತಿ ಮನೆಯವರೂ ‘ನಮ್ಮದು ಒಂದೇ’ ಅಂದರೆ ಪೇಯ್ನ್ ಬರುವುದೇ ಬೇಡ.

ನಾನು, 9:14
ಇನ್ನೊಂದು ಹೇಳಲೇಬೇಕು, ಉದ್ದ ಆದರೂ ಓದಿ. 2013ರಿಂದ ಈ ದಡದ ಉದ್ದಕ್ಕೂ, ಮೆಕ್ಸಿಕೋದಿಂದ ಅಲಾಸ್ಕಾದವರೆಗೆ, ನಕ್ಷತ್ರ ಮೀನುಗಳಿಗೆ ಒಂದು ರೋಗ ಬಡಿಯಿತು. ಮೈಮೇಲೆ ಬಿಳಿ ಹುಣ್ಣು, ಆಮೇಲೆ ತೋಳು ಕಳಚಿ ಬೀಳುತ್ತದೆ, ಕೆಲವೇ ದಿನಗಳಲ್ಲಿ ಇಡೀ ಮೈ ಕರಗಿ ಲೋಳೆಯಾಗುತ್ತದೆ. ಇಪ್ಪತ್ತಕ್ಕೂ ಜಾಸ್ತಿ ಜಾತಿಗಳಿಗೆ ತಗುಲಿತು. ಸನ್‌ಫ್ಲವರ್ ಸ್ಟಾರ್ ಅಂತ ಇಪ್ಪತ್ತನಾಲ್ಕು ತೋಳಿನ ತನಕ ಬೆಳೆಯುವ ದೊಡ್ಡದೊಂದಿದೆ, ಅದರಲ್ಲಿ ನೂರಕ್ಕೆ ತೊಂಬತ್ತು ಹೋದವು. ಅದು ತಿನ್ನುತ್ತಿದ್ದದ್ದು ಸೀ ಅರ್ಚಿನ್ ಎಂಬ ಮುಳ್ಳುಚೆಂಡುಗಳನ್ನು. ಅವು ಹೆಚ್ಚಾಗಿ ಕೆಲ್ಪ್ ಕಡಲಪಾಚಿಯ ಕಾಡನ್ನೇ ಮೇಯ್ದವು, ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೆಲ್ಪ್ ಬಹುತೇಕ ಬೋಳಾಯಿತು. ರೋಗ ತರುವುದು ವಿಬ್ರಿಯೋ ಜಾತಿಯ ಒಂದು ಬ್ಯಾಕ್ಟೀರಿಯಾ ಅಂತ ಪತ್ತೆಯಾದದ್ದು 2025ರಲ್ಲಿ. ಅದೇ ರೋಗ ಓಕರ್ ಸ್ಟಾರನ್ನೂ ಬಿಟ್ಟಿರಲಿಲ್ಲ. ಭಾವ, ನೀವು ಹತ್ತಾರು ಇವೆ ಅಂದಿರಲ್ಲ, ಅವು ಅಷ್ಟೆಲ್ಲ ದಾಟಿ ಉಳಿದ ಸಂಸಾರ. ಚೆನ್ನಾಗಿದ್ದರೆ ಅವು ಇಪ್ಪತ್ತು ವರ್ಷ ಬದುಕುತ್ತವೆ. ಪುಟ್ಟಿಗಿಂತ ದೊಡ್ಡದಿರಬಹುದು ನಿಮ್ಮ ಬಕೆಟ್ಟಲ್ಲಿರುವುದು.

ಭಾವ, 9:18
ಓದಿದೆ. ಅದೆಲ್ಲ ಸರಿ ಇರಬಹುದು. ಆದರೆ ಒಂದು ಮಾತು. ಈ ಜಾಗ ಬುಕ್ ಮಾಡಲು ಒಂಬತ್ತು ತಿಂಗಳ ಹಿಂದೆ ಬುಕಿಂಗ್ ತೆರೆದ ದಿನವೇ ಕಂಪ್ಯೂಟರ್ ಮುಂದೆ ಕೂತವನು ನಾನು. ಇಲ್ಲಿ ಒಂದು ಸೈಟಿಗೆ ಎಂಟೇ ಜನ ಅಂತ ನಿಯಮ ಇದೆ, ಅದಕ್ಕೆ ನಿಮಗೆಲ್ಲ ಹೇಗೆ ಅನುಕೂಲ ಆಗುತ್ತದೆ ಅಂತ ಯೋಚನೆ ಮಾಡಿದವನೂ ನಾನೇ. ನಿನ್ನೆ ಮಧ್ಯಾಹ್ನ ಎರಡೂವರೆಗೆ ಚೆಕ್ ಇನ್ ಆಗಿ ಟೆಂಟ್ ಹೊಡೆದು, ಕ್ರ್ಯಾನ್‌ಬೆರಿ ಕೆರೆಯಲ್ಲಿ ಮಗುವಿಗೆ ಈಜು ಹೊಡೆಸಿ, ಇವತ್ತು ಇಳಿತಕ್ಕೆ ಸರಿಯಾಗಿ ಎಬ್ಬಿಸಿ ಕರೆದುಕೊಂಡು ಬಂದೆ. ಅದರಲ್ಲಿ ಒಂದೂ ನಿನಗೆ ಕಾಣಲಿಲ್ಲ. ಕಂಡದ್ದು ತಪ್ಪು ಮಾತ್ರ. ಹೋದ ತಿಂಗಳು ಪಾರ್ಕಿನಲ್ಲಿ ಕಾರು ನಿಲ್ಲಿಸುವ ಪಾಸ್ ವಿಷಯದಲ್ಲೂ ಹೀಗೇ ಎಲ್ಲರ ಮುಂದೆ ಕೇಳಿದೆ, ‘ನನ್ನ ಕಾರಿನ ನಂಬರ್ ಬರೆದಿದ್ದೀರಾ’ ಅಂತ. ನನಗೇ ಫೋನ್ ಮಾಡಬಹುದಿತ್ತು.

ಚಿಕ್ಕಮ್ಮ, 9:20
ಅವರು ಹೇಳಿದ್ದು ಸರಿ ಕಣೇ. ಮಾತು ಒಳ್ಳೆಯದೇ, ಆದರೆ ಹತ್ತು ಜನರ ನಡುವೆ ಹಾಗೆ ಹೇಳಬಾರದಿತ್ತು. ಅಳಿಯಂದಿರೇ, ಬೇಜಾರು ಮಾಡಿಕೊಳ್ಳಬೇಡಿ.

ನಾನು, 9:22
ತಪ್ಪಾಯಿತು ಭಾವ. ‘ಅಷ್ಟು ದೂರ ಟೆಂಟ್ ಹಾಕಿ ಇಂಥದ್ದು ಮಾಡುವುದಾ’ ಅಂದದ್ದು ನನ್ನ ತಪ್ಪು. ಫೋಟೋ ನೋಡಿದ ತಕ್ಷಣ ಎದೆ ಧಸಕ್ ಅಂತು, ಬಾಯಿಗೆ ಬಂದದ್ದು ಬರೆದೆ. ಪಾಸ್ ವಿಷಯಕ್ಕೂ ಕ್ಷಮಿಸಿ. ನಿಮ್ಮಿಂದಾಗಿಯೇ ನಮ್ಮ ಮಕ್ಕಳು ಸಮುದ್ರ ನೋಡುತ್ತಿರುವುದು, ಅದು ನನಗೆ ಗೊತ್ತು. ಆದರೂ ಕೇಳಿಕೊಳ್ಳುತ್ತೇನೆ, ಇನ್ನೂ ಇಳಿತ ಇದೆ, ಎಲ್ಲಿಂದ ತೆಗೆದಿರೋ ಅಲ್ಲಿಗೆ ತಲುಪಬಹುದು.

ಚಿಕ್ಕಮ್ಮ, 9:24
ನಾನೊಂದು ಹೇಳುತ್ತೇನೆ ಕೇಳಿ. ನಮ್ಮ ಅಘನಾಶಿನಿ ಅಳಿವೆಯಲ್ಲಿ ಇಳಿತಕ್ಕೆ ಸರಿಯಾಗಿ ಬಳಚು ಚಿಪ್ಪು ಆರಿಸಲು ಹೋಗುತ್ತಿದ್ದೆವು, ಸೊಂಟದವರೆಗೆ ನೀರು. ಕಾಲಲ್ಲೇ ಗೊತ್ತಾಗುತ್ತದೆ ಎಲ್ಲಿದೆ ಅಂತ. ನನ್ನ ಅಮ್ಮ ಬುಟ್ಟಿಗೆ ಹಾಕುವ ಮೊದಲು ಪ್ರತಿಯೊಂದನ್ನೂ ಹೆಬ್ಬೆರಳಿನ ಮೇಲಿಟ್ಟು ನೋಡುತ್ತಿದ್ದಳು. ಉಗುರಿಗಿಂತ ಸಣ್ಣದಾದರೆ ವಾಪಸ್ ಕೆಸರಿಗೆ. ಹಸಿವಿದ್ದ ಕಾಲ ಅದು, ಮನೆಯಲ್ಲಿ ಏಳು ಜನ. ಆದರೂ ಬಿಡುತ್ತಿದ್ದಳು. ತಿನ್ನಲು ತರುವುದರಲ್ಲೇ ಅಷ್ಟು ಲೆಕ್ಕ ಇರುವಾಗ ಷೋಕೇಸಿಗೆ ಯಾಕೆ ಬೇಕು? ನಾಳೆ ಅದರ ಮೇಲೆ ಧೂಳು ಕೂರುತ್ತದೆ, ಒಂದು ತೋಳು ಮುರಿಯುತ್ತದೆ, ಮನೆ ಬದಲಾಯಿಸುವಾಗ ಬಿಸಾಡುತ್ತೀರಿ.

ದೊಡ್ಡಪ್ಪ, 9:26
ಇದು ಸರಿಯಾದ ಮಾತು. ಹೇಳಬೇಕೆಂದರೆ, ಆ ಫಾರ್ಮಲಿನ್ ಬಾಟಲಿ ಮುಂದೆ ಯಾವ ಹುಡುಗನೂ ಎರಡು ನಿಮಿಷ ನಿಂತದ್ದು ನಾನು ನೋಡಿಲ್ಲ. ಅಳಿಯಂದಿರೇ, ಬಿಟ್ಟುಬಿಡಿ. ಬಿಡುವಾಗ ಪುಟ್ಟಿಯೇ ಬಿಡಲಿ.

ಅಕ್ಕ, 9:29
ನಾವು ಈಗ ಇಲ್ಲಿನ ಮರದ ಕಂಬದ ಹತ್ತಿರ ಇದ್ದೇವೆ. ಇಲ್ಲಿನ ಮೂಲನಿವಾಸಿಗಳಾದ ಸಮಿಶ್ ಜನರ ಕಂಬ, ಒಂದು ಕಡೆ ಹುಡುಗಿ, ಇನ್ನೊಂದು ಕಡೆ ಅದೇ ಹುಡುಗಿ ಸಮುದ್ರದವಳಾದ ಮೇಲೆ. ಪುಟ್ಟಿಗೆ ಅವಳ ಕಥೆ ಹೇಳಿದೆ. ಚಿಪ್ಪು ಆರಿಸುವಾಗ ನೀರೊಳಗಿಂದ ಒಂದು ಕೈ ಅವಳ ಕೈ ಹಿಡಿಯಿತಂತೆ. ಸಮುದ್ರದವನು ಅವಳನ್ನು ಕೇಳಿದ, ಅಪ್ಪ ಕೊಡಲಿಲ್ಲ, ಆಗ ಮೀನು ಚಿಪ್ಪು ಎಲ್ಲ ಸಿಗದಾಯಿತು, ಹೊಳೆಯೂ ಬತ್ತಿತು. ತನ್ನ ಜನರ ಹೊಟ್ಟೆಗಾಗಿ ಅವಳು ಹೋದಳು. ವರ್ಷಕ್ಕೊಮ್ಮೆ ತವರಿಗೆ ಬರುತ್ತಿದ್ದಳು, ಬರುತ್ತಾ ಬರುತ್ತಾ ಮೈಮೇಲೆ ಚಿಪ್ಪು ಬೆಳೆದಿರುತ್ತಿತ್ತು, ದಡದಲ್ಲಿ ಅವಳಿಗೆ ಹಿಂಸೆ. ಕೊನೆಗೆ ಮನೆಯವರೇ, ನೀನು ಅಲ್ಲೇ ಇರು ಅಂದರು. ಪುಟ್ಟಿ ಬಕೆಟ್ಟು ನೋಡಿದಳು, ಕಂಬ ನೋಡಿದಳು, ‘ಇದಕ್ಕೂ ಅಮ್ಮ ಇದ್ದಾಳಾ’ ಅಂತ ಕೇಳಿದಳು. ನನಗೆ ಏನು ಹೇಳಬೇಕು ಗೊತ್ತಾಗಲಿಲ್ಲ. ಈಗ ತಾನೇ ಬಕೆಟ್ಟು ಹಿಡಿದುಕೊಂಡು ಅಪ್ಪನ ಕೈ ಎಳೆಯುತ್ತಿದ್ದಾಳೆ.

ಚಿಕ್ಕಮ್ಮ, 9:31
ತವರಿಗೆ ಬರುತ್ತಿದ್ದಳಾ! ಆ ಕಥೆ ನನಗೆ ಫೋನಲ್ಲಿ ಪೂರ್ತಿ ಹೇಳಬೇಕು ನೀನು.

ಭಾವ, 9:47
ಬಿಟ್ಟೆವು. ಹಗ್ಗದ ದಾರಿಯಲ್ಲೇ ಹೋಗಿ, ಅದೇ ಬಂಡೆಯ ಸಂದಿ, ಪಾಚಿಯ ಕೆಳಗೆ. ಮೊದಲು ಐದು ನಿಮಿಷ ಸುಮ್ನೆ ಕೂತಿತ್ತು, ಸತ್ತೇ ಹೋಯಿತು ಅಂದುಕೊಂಡೆ, ನಿಜವಾಗಿ ಹೊಟ್ಟೆ ಕಿವುಚಿತು. ಆಮೇಲೆ ಒಂದು ತೋಳಿನ ತುದಿ ಮೆಲ್ಲಗೆ ಮೇಲಕ್ಕೆ ಎದ್ದಿತು. ಅದರ ಕೆಳಗೆ ದಾರದ ಎಳೆಯಂಥ ಕಾಲುಗಳು ಒಂದೊಂದಾಗಿ ಚಾಚಿ ಬಂಡೆ ತಡವುತ್ತಿದ್ದವು, ಕತ್ತಲೆಯಲ್ಲಿ ಸ್ವಿಚ್ ಹುಡುಕುವ ಹಾಗೆ. ಒಂದು ಸಿಕ್ಕಿತು, ಹಿಡಿಯಿತು, ಆಮೇಲೆ ಉಳಿದದ್ದೂ. ಇಷ್ಟು ಹತ್ತಿರದಿಂದ ಕಿತ್ತಾಗ ನಾನೇ ನೋಡಿರಲಿಲ್ಲ. ಪುಟ್ಟಿ ಹೊಟ್ಟೆ ಮೇಲೆ ಮಲಗಿ ನೋಡುತ್ತಾ ಇನ್ನೂ ಏಳುತ್ತಿಲ್ಲ.

ನಾನು, 9:48
ಭಾವ, ಏನು ಹೇಳಲಿ. ತುಂಬಾ ಥ್ಯಾಂಕ್ಸ್.

ತಮ್ಮ, 9:48
ಫೋಟೋ ಹಾಕಿ ಭಾವ, ಈ ಸಲ ಬಂಡೆಯ ಮೇಲಿನದು.

ಚಿಕ್ಕಮ್ಮ, 9:50
ಇವತ್ತು ಇಳಿತ ಎಷ್ಟು ಹೊತ್ತಿಗೆ ಇತ್ತು? ಅದಕ್ಕೆ ಎರಡು ಗಳಿಗೆ ಸೇರಿಸಿ, ನಾಳೆಯದು ಸಿಗುತ್ತದೆ. ಎಲ್ಲ ಕಡಲಿಗೂ ಲೆಕ್ಕ ಒಂದೇ. ಮತ್ತೆ ನಾಳೆ ಹೋಗುವವರು ಬಳಚು ತಂದರೆ ನನಗೆ ಫೋಟೋ.

ನಾನು, 9:52
ಬಳಚು ಆರಿಸಲು ಇಲ್ಲಿ ಹದಿನೈದು ವರ್ಷ ದಾಟಿದವರಿಗೆ ಲೈಸೆನ್ಸ್ ಬೇಕು ಚಿಕ್ಕಮ್ಮ. ನೀರಿನಲ್ಲಿ ವಿಷ ಇದ್ದಾಗ ಆರೋಗ್ಯ ಇಲಾಖೆ ದಡವನ್ನೇ ಮುಚ್ಚುತ್ತದೆ, ಅದನ್ನೂ ನೋಡಿಕೊಳ್ಳಬೇಕು. ನಾಳೆ ಬರೀ ನೋಡಿ ಬರುತ್ತೇವೆ. ಭಾವ, ಒಂದು ಕೇಳಬೇಕಿತ್ತು, ಆದರೆ ಈಗ ಗುಂಪಲ್ಲಿ ಕೇಳಲು ಹೆದರಿಕೆ. ಫೋನ್ ಮಾಡಲಾ?

ಭಾವ, 9:54
ಡಿಸ್ಕವರ್ ಪಾಸ್ ತಾನೇ? ನನ್ನ ಕಾರಲ್ಲೇ ಇದೆ. ಕ್ಯಾಂಪ್ ಮಾಡುವವರಿಗೆ ಇಲ್ಲಿ ಅದು ಬೇಡ, ನಮ್ಮ ಸೈಟಿನ ಚೀಟಿ ಸಾಕು. ನೀವು ಸುಮ್ನೆ ಹತ್ತು ಡಾಲರ್ ಕೊಟ್ಟು ಒಂದು ದಿನದ್ದು ಕೊಳ್ಳಬೇಡಿ. ಎರಡು ನಂಬರ್ ಬರೆಯುವ ಜಾಗ ಇದೆ, ಎರಡನೆಯದು ನಿನ್ನ ಕಾರಿನದೇ, ಅವತ್ತೇ ಬರೆದಿದ್ದೇನೆ. ಇವತ್ತು ಒಂಬತ್ತೂವರೆಗೆ ಇಳಿತ, ಚಿಕ್ಕಮ್ಮನ ಲೆಕ್ಕದಲ್ಲಿ ನಾಳೆ ಹತ್ತೂಕಾಲು. ಒಂಬತ್ತೂವರೆಗೆ ರೊಸಾರಿಯೊ ಪಾರ್ಕಿಂಗಿನಲ್ಲಿ ಪಾಸ್ ಹಿಡಿದು ನಿಂತಿರುತ್ತೇನೆ. ಏಳೂವರೆಗಾದರೂ ಮನೆ ಬಿಡಿ. ಮಕ್ಕಳಿಗೆ ಸ್ವೆಟರ್ ತನ್ನಿ, ಸೇತುವೆ ಕಡೆಯಿಂದ ಗಾಳಿ ಜೋರಾಗಿದೆ.

ಅಕ್ಕ, 9:55
ಚಿತ್ರಾನ್ನ ನೀನು ಮಾಡಿಕೊಂಡು ಬಾ. ಮೊಸರು ನಮ್ಮ ಐಸ್ ಬಾಕ್ಸಲ್ಲಿದೆ. ಪುಟ್ಟಿ ಹೇಳುತ್ತಿದ್ದಾಳೆ, ನಾಳೆ ಎಲ್ಲರಿಗೂ ಆ ಸಂದಿ ತಾನೇ ತೋರಿಸುತ್ತಾಳಂತೆ, ಯಾರೂ ಮುಟ್ಟಬಾರದಂತೆ.