ಸುಂಟಿಕೊಪ್ಪದ ರಸ್ತೆಯಲ್ಲಿ ಸಿಟಿ ಕಾರುಗಳ ಸ್ಪೀಡ್: ಅನುಭವ ಇದ್ದವರು ಹೇಳಿ

ಪ್ರಶ್ನೆ
ನಮ್ಮ ತೋಟ ಕೊಡಗಿನ ಸುಂಟಿಕೊಪ್ಪದ ಹತ್ತಿರ, ಕುಶಾಲನಗರ–ಮಡಿಕೇರಿ ಹೆದ್ದಾರಿಯ ಎರಡೂ ಬದಿಗೆ ಇದೆ. ಈಗ ಕಾಫಿ ಕೊಯ್ಲು. ಲೈನ್ ಮನೆಯಿಂದ ಕೆಲಸದವರು ಬೆಳಿಗ್ಗೆ ರಸ್ತೆ ದಾಟಿಯೇ ಬರಬೇಕು. ಶನಿವಾರ ಬಂತೆಂದರೆ ಬೆಂಗಳೂರು, ಮೈಸೂರಿನ ಕಾರುಗಳು ವೇಗಮಿತಿಯ ಬೋರ್ಡ್ ಕಡೆ ಕಣ್ಣೆತ್ತಿಯೂ ನೋಡದೆ ಹೋಗುತ್ತವೆ. ಇವರು ಯಾಕೆ ಹೀಗೆ ಓಡಿಸುತ್ತಾರೆ? ಏನು ಮಾಡಿದರೆ ಪ್ರಯೋಜನ ಆದೀತು? ಬೈಯುವುದು ನನಗೂ ಬರುತ್ತದೆ, ಬೇರೆ ಏನಾದರೂ ಹೇಳಿ.

ಟ್ಯಾಕ್ಸಿ ಓಡಿಸುವವರು, ಮಡಿಕೇರಿ
ಅಕ್ಕಾ, ನಾನು ಬೆಂಗಳೂರಿಗೆ ಬಾಡಿಗೆ ಹೋಗಿ ಬರುವವನು. ಎಲ್ಲರೂ ಕೊಬ್ಬಿನಿಂದ ಓಡಿಸುವುದಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆ ಆಯಿತಲ್ಲ, ಅಲ್ಲಿ ಮಿತಿಯೇ 100. ಒಂದು ಗಂಟೆಗೂ ಜಾಸ್ತಿ ಹೊತ್ತು ಆ ವೇಗದಲ್ಲಿ ಕೂತರೆ ಕಣ್ಣು, ಕಿವಿ ಅದಕ್ಕೇ ಒಗ್ಗಿಹೋಗುತ್ತವೆ. ಆಮೇಲೆ 60ರಲ್ಲಿ ಹೋದರೂ ನಡೆದುಕೊಂಡು ಹೋಗುತ್ತಿರುವ ಹಾಗೆ ಅನ್ನಿಸುತ್ತದೆ. ಗಾಜು ಏರಿಸಿ ಎಸಿ ಹಾಕಿದರೆ ಗಾಳಿಯ ಸದ್ದೂ ಇಲ್ಲ. ಮೀಟರ್ ನೋಡದಿದ್ದರೆ ವೇಗ ಗೊತ್ತೇ ಆಗುವುದಿಲ್ಲ. ಕುಶಾಲನಗರ ದಾಟಿ ಆನೆಕಾಡಿಗೆ ಬಂದಾಗ ರಸ್ತೆ ಖಾಲಿ ಕಂಡರೆ ಕಾಲು ತಾನಾಗಿಯೇ ಒತ್ತುತ್ತದೆ. ಆನೆ ದಾಟುವುದೂ ಅಲ್ಲೇ!

ನಾನು ಕುಶಾಲನಗರದಲ್ಲಿ ಕಾಫಿಗೆ ನಿಲ್ಲಿಸಿಯೇ ಮೇಲೆ ಹತ್ತುವುದು. ಸ್ವಲ್ಪ ಹೊತ್ತು ಇಳಿದು ನಿಂತರೆ ತಲೆಯಿಂದ ಆ ಓಟ ಇಳಿಯುತ್ತದೆ. ನಿಮ್ಮಲ್ಲಿಗೆ ಬರುವ ನೆಂಟರಿಗೂ ಹೇಳಿ ನೋಡಿ.

ಊರು ಸೋಮವಾರಪೇಟೆ, ಕೆಲಸ ಬೆಂಗಳೂರು
ಸಿಟಿಯಲ್ಲಿ ಬೋರ್ಡನ್ನು ಯಾರೂ ನಂಬುವುದಿಲ್ಲ, ಅದೇ ಮೂಲ. ಅಗಲ ರಸ್ತೆ, ಬೋರ್ಡಿನಲ್ಲಿ ಸಣ್ಣ ಅಂಕಿ, ಸುತ್ತಲಿನವರೆಲ್ಲ ಅದಕ್ಕಿಂತ ಜಾಸ್ತಿ. ನೀವೊಬ್ಬರೇ ಮಿತಿಯಲ್ಲಿ ಹೋದರೆ ಹಿಂದಿನವನು ಹಾರನ್ ಹೊಡೆದು ಪ್ರಾಣ ತಿನ್ನುತ್ತಾನೆ. ಕ್ಯಾಮೆರಾ ಬಂದರೆ ಬ್ರೇಕ್, ದಾಟಿದ ಮೇಲೆ ಮತ್ತೆ ಅದೇ ಕಥೆ. ಕಾರಿಗೆ ದಂಡ ಸಾವಿರವೋ ಎರಡು ಸಾವಿರವೋ, ಅದೂ ಯಾವಾಗಲೋ ಮೊಬೈಲಿಗೆ ಬರುತ್ತದೆ.

ಇನ್ನು ಟೈಮ್. ವಾರವಿಡೀ ಟ್ರಾಫಿಕ್‌ನಲ್ಲಿ ಕೂತವರು, ರಜೆಯ ದಿನವೂ ಊರು ಬಿಡುವಷ್ಟರಲ್ಲೇ ತಡ. ಕೆಂಗೇರಿ ದಾಟಿದ ಮೇಲೆ ಅದನ್ನೆಲ್ಲ ವಸೂಲಿ ಮಾಡುವ ಹಟ. ಲೆಕ್ಕ ಹಾಕಿದರೆ ನಗು ಬರುತ್ತದೆ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿ.ಮೀ. 50ರಲ್ಲಿ ಹೋದರೆ 36 ನಿಮಿಷ, 60ರಲ್ಲಿ 30. ಉಳಿಯುವುದು 6 ನಿಮಿಷ. ಮುಂದೆ ಒಂದು ಮರದ ಲಾರಿ ಸಿಕ್ಕರೆ ಅದೂ ಇಲ್ಲ.

ಗೋಣಿಕೊಪ್ಪದಿಂದ
ಸುಮ್ನೆ ಸಿಟಿಯವರನ್ನೇ ಯಾಕೆ ಅನ್ನಬೇಕು? ನಮ್ಮ ಪಿಕಪ್, ಜೀಪುಗಳೇನು ಕಮ್ಮಿಯಾ? ತಿತಿಮತಿ ಕಾಡಿನಲ್ಲಿ ನೋಡಿ. ಅವರಿಗೆ ರಸ್ತೆ ಗೊತ್ತಿಲ್ಲ, ನಮಗೆ ಗೊತ್ತು ಅನ್ನುವ ಧೈರ್ಯ. ಅಷ್ಟೇ ವ್ಯತ್ಯಾಸ.

ಹೋಂಸ್ಟೇ ನಡೆಸುವವರು, ಕಕ್ಕಬ್ಬೆ
ಮೇಲೆ ಟೈಮ್ ಬಗ್ಗೆ ಹೇಳಿದ್ದು ನಿಜ. ಮಧ್ಯಾಹ್ನ ಇಷ್ಟು ಗಂಟೆಗೆ ಊಟ ಅಂತ ಬರೆದರೆ ಜನ ಆ ಊಟಕ್ಕಾಗಿ ಓಡಿ ಬರುತ್ತಾರೆ. ನಾವೀಗ "ಎಷ್ಟೊತ್ತಿಗೆ ಬಂದರೂ ಬಿಸಿ ಊಟ ಇರುತ್ತದೆ, ಕತ್ತಲಾಗುವ ಮೊದಲು ತಲುಪಿದರೆ ಸಾಕು" ಅಂತ ಕಳಿಸುತ್ತೇವೆ. ಜೊತೆಗೆ ಒಂದು ಸಾಲು: ಕಿರಿದಾದ ಏರಿನಲ್ಲಿ ಇಳಿಯುವವರು ಹತ್ತುವ ಗಾಡಿಗೆ ದಾರಿ ಬಿಡಬೇಕು. ನಿಯಮದಲ್ಲೇ ಇದೆ, ಆದರೂ ಸಿಟಿಯಿಂದ ಬರುವ ಬಹಳ ಜನಕ್ಕೆ ಗೊತ್ತಿಲ್ಲ.

ಹಿಂದೆ ಪಂಚಾಯಿತಿ ಸದಸ್ಯರಾಗಿದ್ದವರು
ತಂಗೀ, ಕಾರಣ ಎಲ್ಲ ಸರಿ, ನಿಮ್ಮ ಕೆಲಸದವರು ನಾಳೆಯೂ ರಸ್ತೆ ದಾಟಬೇಕಲ್ವಾ? ಹಂಪ್ ಕೇಳಬೇಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪ್ ಇರಬಾರದು ಅನ್ನುವುದು ಕೇಂದ್ರದ ನಿಲುವು, ಅರ್ಜಿ ಅಲ್ಲೇ ಬಿದ್ದಿರುತ್ತದೆ. ಗಾಡಿ ಗಡಗಡ ಅನ್ನುವ ಸಣ್ಣ ದಪ್ಪ ಪಟ್ಟಿಗಳು, ಬ್ಲಿಂಕರ್ ದೀಪ, ಶನಿವಾರ–ಭಾನುವಾರ ಅಡ್ಡಡ್ಡ ಇಟ್ಟ ಬ್ಯಾರಿಕೇಡ್, ಇವನ್ನು ಕೇಳಿ. ದಾರಿ ಇಕ್ಕಟ್ಟಾದರೆ ಎಂಥವನ ಕಾಲೂ ಆಕ್ಸಿಲರೇಟರ್‌ನಿಂದ ಮೇಲೇಳುತ್ತದೆ. ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಿ, ಪ್ರತಿಯನ್ನು ಹೆದ್ದಾರಿ ವಿಭಾಗಕ್ಕೂ ಪೊಲೀಸ್ ಠಾಣೆಗೂ ಕೊಡಿ, ಸ್ವೀಕೃತಿ ಮರೆಯಬೇಡಿ. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯಲ್ಲಿ ರಸ್ತೆ ಅಪಘಾತದ ಸಾವುಗಳಲ್ಲಿ ಶೇ. 71ರಷ್ಟು ಅತಿವೇಗದ ಲೆಕ್ಕದಲ್ಲಿವೆ. ಅರ್ಜಿಯಲ್ಲಿ ಅದನ್ನೂ ಬರೆಯಿರಿ.

ಅಲ್ಲಿಯವರೆಗೆ, ದಾಟುವ ಜಾಗವನ್ನು ತಿರುವಿನಿಂದ ದೂರ ಮಾಡಿ. ಬೇಲಿಯ ಪೊದೆ ಕಡಿಸಿ, ಎರಡೂ ಕಡೆ ಕಾಣಬೇಕು. 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಮಂಜಿನಲ್ಲಿ ಮನುಷ್ಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಮುಂದೆ ಒಬ್ಬ, ಹಿಂದೆ ಒಬ್ಬ ಹೊಳೆಯುವ ಜಾಕೆಟ್ ಹಾಕಲಿ, ಎಲ್ಲರೂ ಒಟ್ಟಿಗೇ ದಾಟಲಿ.

ಪ್ರಶ್ನೆ ಕೇಳಿದವರು
ಪೊದೆ ನಾಳೆಯೇ ಕಡಿಸುತ್ತೇನೆ. ನಿರ್ಣಯದ ಮಾತನ್ನು ಈ ವಾರವೇ ಪಂಚಾಯಿತಿಯಲ್ಲಿ ಎತ್ತುತ್ತೇನೆ. ಅಣ್ಣಾ, ಆ ಜಾಕೆಟ್ ಕುಶಾಲನಗರದಲ್ಲೇ ಸಿಗುತ್ತದಾ, ಮೈಸೂರಿನಿಂದ ತರಿಸಬೇಕಾ?