ಮುಂದಿನ ಗಾಡಿಯ ಇಂಡಿಕೇಟರ್ ನಂಬಬೇಕಾ? ನಿವೃತ್ತ ಬಸ್ ಡ್ರೈವರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ಭಾನುವಾರ ಉತ್ತರ ಕೊಡ್ತಿರೋರು ಸಾರಿಗೆ ನಿಗಮದಲ್ಲಿ ಬಸ್ ಓಡಿಸಿ ನಿವೃತ್ತರಾಗಿ, ಈಗ ಡ್ರೈವಿಂಗ್ ಸ್ಕೂಲಲ್ಲಿ ಕಲಿಸ್ತಿರೋ ನಮ್ಮ ಗುಂಪಿನ ಹಿರಿಯರು. ಎಲ್ರೂ ಮೇಷ್ಟ್ರು ಅಂತಲೇ ಕರೀತೀವಿ. ವಿಷಯ, ರಸ್ತೇಲಿ ಬೇರೆಯವರು ಕೊಡೋ ಕಾಟ. ಯಾರ ಗಾಡಿ ನಂಬರ್ರೂ ಹಾಕಬೇಡಿ, ಬೈಗುಳ ಬೇಡ.

ಪ್ರಶ್ನೆ (ಹಾಸನ): ಮೇಷ್ಟ್ರೇ, ರಾತ್ರಿ ಬೇಲೂರು ರಸ್ತೇಲಿ ಲಾರಿ ಹಿಂದೆ ಹೋಗ್ತಿದ್ದೆ. ಅವನು ಬಲಗಡೆ ಇಂಡಿಕೇಟರ್ ಹಾಕಿದ. "ಹೋಗು" ಅಂತಿದಾನೆ ಅಂದ್ಕೊಂಡು ಓವರ್‌ಟೇಕ್‌ಗೆ ಹೊರಟೆ. ನೋಡಿದ್ರೆ ಅವನೇ ಬಲಕ್ಕೆ, ಪೆಟ್ರೋಲ್ ಬಂಕಿಗೆ ತಿರುಗಿಸ್ತಾ ಇದ್ದ! ಕೂದಲೆಳೆ ಅಂತರದಲ್ಲಿ ಉಳಿದೆ. ಲಾರಿಯವರ ಈ ಭಾಷೆ ಅರ್ಥ ಮಾಡ್ಕೊಳ್ಳೋದು ಹೇಗೆ?

ಉತ್ತರ: ಅದು ಒಂದು ಭಾಷೆ ಆಗಿದ್ರೆ ಅರ್ಥ ಮಾಡ್ಕೋಬಹುದಿತ್ತು. ಬಲಗಡೆ ದೀಪ ಮಿನುಗಿದ್ರೆ ಕೆಲವರ ಲೆಕ್ಕದಲ್ಲಿ "ಬಲಗಡೆಯಿಂದ ಹೋಗು". ಇನ್ನು ಕೆಲವರ ಲೆಕ್ಕದಲ್ಲಿ "ಎದುರು ಗಾಡಿ ಬರ್ತಿದೆ, ಹೊರಗೆ ಬರಬೇಡ". ಕಾನೂನಿನ ಲೆಕ್ಕದಲ್ಲಿ "ನಾನು ಬಲಕ್ಕೆ ಸರೀತೀನಿ". ಮೂರಕ್ಕೂ ಇರೋದು ಅದೊಂದೇ ಬಲ್ಬು. ಒಂದು ಅರ್ಥದಲ್ಲಿ ನೀವು ಹೋಗಬೇಕು, ಇನ್ನೆರಡರಲ್ಲಿ ಹೋದ್ರೆ ಸಾಯ್ತೀರಿ. ಹಾಗಾಗಿ ಮೊದಲನೇ ಅರ್ಥ ಇದೆ ಅನ್ನೋದನ್ನೇ ಮರೆತುಬಿಡಿ.

ನಾನು ಕಲಿಸೋದು ಇಷ್ಟು. ದೀಪ ನೋಡಿ, ಆದ್ರೆ ತೀರ್ಮಾನ ಮಾತ್ರ ಚಕ್ರ ನೋಡಿ ಮಾಡಿ. ಸ್ವಲ್ಪ ಹಿಂದೆ ಉಳಿದ್ರೆ ಲಾರಿಯ ಬಲಗಡೆ ಚಕ್ರಕ್ಕೂ ರಸ್ತೆ ಮಧ್ಯದ ಬಿಳಿ ಗೆರೆಗೂ ಎಷ್ಟು ಅಂತರ ಇದೆ ಅಂತ ಕಾಣುತ್ತೆ. ಅಂತರ ಕಮ್ಮಿ ಆಗ್ತಿದ್ರೆ ಅವನು ಬಲಕ್ಕೆ ಬರ್ತಿದಾನೆ, ದೀಪ ಏನಾದ್ರೂ ಹೇಳ್ಕೊಳ್ಳಲಿ. ಬ್ರೇಕ್ ಲೈಟೂ ಹತ್ತಿ, ಮುಂದೆ ಬಲಗಡೆ ಬಂಕೋ ಡಾಬಾನೋ ಹಳ್ಳಿ ದಾರಿನೋ ಇದ್ರೆ ಅವನು ತಿರುಗೋದು ಖಾತ್ರಿ. ಎಡಕ್ಕೆ ಸರಿದು, ವೇಗ ಇಳಿಸದೆ ನೇರ ಹೋಗ್ತಿದ್ರೆ ಸೈಡ್ ಕೊಟ್ಟಿದಾನೆ ಅಂತ. ಆಗಲೂ ಎದುರಿನ ರಸ್ತೆ ನಿಮ್ಮ ಕಣ್ಣಿಗೇ ಕಾಣಬೇಕು.

ಕ್ಲೀನರ್ ಕೈ ಬೀಸಿ ಕರೆದರೂ ಇದೇ ಮಾತು. ಪಾಪ, ಒಳ್ಳೇ ಮನಸ್ಸಿಂದಲೇ ಕರೀತಾನೆ. ಅವನಿಗೆ ಎದುರಿನ ರಸ್ತೆ ಕಾಣುತ್ತೆ, ಆದ್ರೆ ಐದು ಜನ ತುಂಬಿರೋ ನಿಮ್ಮ ಹಳೇ ಕಾರಿನ ಪಿಕಪ್ ಎಷ್ಟು ಅಂತ ಅವನಿಗೆಲ್ಲಿ ಗೊತ್ತು?

ಪ್ರಶ್ನೆ (ಬೆಂಗಳೂರು): ಸರ್, ಜಂಕ್ಷನ್‌ನಲ್ಲಿ ನೇರ ಹೋಗೋರು ನಾಲ್ಕೂ ಇಂಡಿಕೇಟರ್ ಹಾಕ್ತಾರಲ್ಲ, ಅದು ಸರೀನಾ? ನಮ್ಮ ಕ್ಯಾಬ್ ಡ್ರೈವರ್ "ರೂಲ್ಸೇ ಹಂಗಿದೆ" ಅಂತಾರೆ.

ಉತ್ತರ: ಅಂಥ ರೂಲ್ಸ್ ಇಲ್ಲ. ನೇರ ಹೋಗೋಕೆ ಯಾವ ಸಿಗ್ನಲ್ಲೂ ಬೇಡ. ಎಡಗಡೆ ರಸ್ತೇಲಿ ಕಾಯ್ತಿರೋ ಬೈಕಿನವನಿಗೆ ನಿಮ್ಮ ಕಾರಿನ ಎಡ ಮಗ್ಗುಲು ಮಾತ್ರ ಕಾಣುತ್ತೆ. ಎಡದ ದೀಪ ಮಿನುಗ್ತಿದೆ, ಇವನು ಈ ಕಡೆ ತಿರುಗ್ತಾನೆ ಅಂತ ಅವನು ಗಾಡಿ ಮುಂದಕ್ಕೆ ಬಿಡ್ತಾನೆ. ನಾಲ್ಕೂ ದೀಪ ಇರೋದು ಗಾಡಿ ಕೆಟ್ಟು ನಿಂತಾಗ, ಅಪಾಯ ಆದಾಗ. ಮಳೇಲಿ ಓಡಿಸುವಾಗಲೂ ಕೆಲವರು ಹಾಕ್ತಾರೆ, ಆಮೇಲೆ ಲೇನ್ ಬದಲಿಸೋದನ್ನ ಹೇಳೋಕೆ ಅವರ ಹತ್ರ ದೀಪಾನೇ ಉಳಿಯಲ್ಲ. ಮಳೆ ಬಂದ್ರೆ ಹೆಡ್‌ಲೈಟ್ ಹಾಕಿ, ಹಿಂದಿನ ಕೆಂಪು ದೀಪ ತಾನಾಗೇ ಹತ್ತುತ್ತೆ.

ಪ್ರಶ್ನೆ (ಪುತ್ತೂರು): ನನ್ನ ತಮ್ಮ ಲಂಡನ್‌ನಲ್ಲಿರೋದು ಮಾರಾಯ್ರೆ. ರಜೆಗೆ ಬಂದವ ಚಾರ್ಮಾಡಿಯಲ್ಲಿ ಕಾರು ಬಿಡ್ತಿದ್ದ. ಎದುರಿನ ಬಸ್ಸಿನವ ಲೈಟ್ ಡಿಮ್-ಡಿಪ್ ಮಾಡಿದ್ದಕ್ಕೆ "ಥ್ಯಾಂಕ್ಸ್" ಅಂತ ಕೈ ಎತ್ತಿ ಮುಂದೆ ಹೋಗಿಯೇ ಬಿಟ್ಟ! ಮತ್ತೆ ಬಸ್ಸಿನವ ಇಳಿದು ಬಂದು ಬೈದದ್ದು ಕೇಳ್ಬಾರ್ದು. ಯಾರದ್ದು ತಪ್ಪು?

ಉತ್ತರ: ಇಬ್ಬರೂ ಅವರವರ ಊರಿನ ರೂಢಿ ಪ್ರಕಾರ ನಡ್ಕೊಂಡಿದಾರೆ. ಬ್ರಿಟನ್ನಲ್ಲಿ ಲೈಟ್ ಮಿನುಗಿಸಿದ್ರೆ "ನೀವು ಹೋಗಿ" ಅಂತ ಜನ ತಿಳ್ಕೋತಾರೆ. ಅಲ್ಲಿನ ನಿಯಮದ ಪುಸ್ತಕದಲ್ಲಿ ಮಾತ್ರ "ನಾನಿಲ್ಲಿದ್ದೀನಿ ಅಂತ ತಿಳಿಸೋಕಷ್ಟೇ" ಅಂತಿದೆ. ನಮ್ಮಲ್ಲಿ ಅದರ ಅರ್ಥ "ನಾನು ಬಂದೆ, ನೀನು ನಿಲ್ಲು". ನಿಮ್ಮ ತಮ್ಮನಿಗೆ ಹೇಳಿ, ಇಲ್ಲಿ ಲೈಟ್ ಹೊಡೆದವನು ನಿಲ್ಲೋದಿಲ್ಲ.

ಬಸ್ಸು ಘಾಟಿ ಹತ್ತುತ್ತಿತ್ತಾ, ಇಳೀತಿತ್ತಾ ಅಂತ ನೀವು ಬರೆದಿಲ್ಲ. ಇಬ್ಬರಿಗೂ ಸಾಲದಷ್ಟು ರಸ್ತೆ ಕಿರಿದಾಗಿದ್ರೆ ಇಳಿಯೋ ಗಾಡಿ ನಿಂತು, ಹತ್ತೋ ಗಾಡಿಗೆ ದಾರಿ ಬಿಡಬೇಕು. 2017ರ ಚಾಲನಾ ನಿಯಮಗಳಲ್ಲೇ ಇದಿದೆ. ಕಾರಣ ಬೇಕಂದ್ರೆ ಲೋಡಾದ ಬಸ್ಸನ್ನ ಚಾರ್ಮಾಡಿ ತಿರುವಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿ ನೋಡ್ಬೇಕು. ಕ್ಲಚ್ಚು ಸುಟ್ಟ ವಾಸನೆ ಬರುತ್ತೆ, ಗಾಡಿ ಒಂದು ಮೊಳ ಹಿಂದಕ್ಕೆ ಜಾರುತ್ತೆ, ಹಿಂದೆ ಅಂಟ್ಕೊಂಡು ನಿಂತಿರೋ ಕಾರಿನವರು ಕಿರುಚ್ತಾರೆ. ಘಾಟೀಲಿ ಬಸ್ಸಿಗೆ ಅಂಟ್ಕೊಂಡು ನಿಲ್ಲೋ ಈ ಚಟ ಯಾಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಪ್ರಶ್ನೆ (ಮಂಡ್ಯ): ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇಲಿ ಬಲಗಡೆ ಲೇನಲ್ಲಿ ನಾನು ನೂರರಲ್ಲೇ ಇರ್ತೀನಿ ಅಣ್ಣ. ಆದ್ರೂ ಹಿಂದಿನಿಂದ ಬಂದು ಬಂಪರ್‌ಗೆ ಮುತ್ತು ಕೊಡೋ ಥರ ಅಂಟ್ಕೊಂಡು ಲೈಟ್ ಹೊಡೀತಾರೆ. ಮಿತಿಯೇ ನೂರು. ನಾನ್ಯಾಕೆ ಬಿಡ್ಲಿ?

ಉತ್ತರ: ಬಿಡಿ ತಮ್ಮ. ಅವನ ವೇಗ ನೋಡ್ಕೊಳ್ಳೋಕೆ ಅಲ್ಲಿ ಕ್ಯಾಮೆರಾ ಇದಾವೆ, ಆ ಡ್ಯೂಟಿ ನಿಮ್ಮದಲ್ಲ. ಬಲಗಡೆ ಲೇನ್ ಓವರ್‌ಟೇಕ್ ಮಾಡೋಕೆ, ಮುಗಿದ ಮೇಲೆ ಎಡಕ್ಕೆ ಬರಬೇಕು. ನೀವು ಅಲ್ಲೇ ಕೂತ್ರೆ ಅವನು ಎಡಗಡೆಯಿಂದ ತೂರ್ತಾನೆ. ಅಲ್ಲಿ ನಿಧಾನ ಹೋಗ್ತಿರೋ ಲಾರಿ ಇರುತ್ತೆ. ಆಮೇಲೆ ಮೂರು ಗಾಡಿ ಕತೆ ಆಗುತ್ತೆ.

ಸಿಟ್ಟಿಗೆ ಬ್ರೇಕ್ ಮುಟ್ಟಿ ಹೆದರಿಸೋದಂತೂ ಬೇಡವೇ ಬೇಡ. ನೂರರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತೆ. ನಿಮ್ಮ ಬ್ರೇಕ್ ಲೈಟ್ ನೋಡಿ ಅವನ ಕಾಲು ಪೆಡಲ್‌ಗೆ ಹೋಗೋ ಒಂದು ಸೆಕೆಂಡಲ್ಲೇ ಅಷ್ಟು ದೂರ ಮುಗಿದುಹೋಯ್ತು. ಬ್ರೇಕ್ ಹಿಡಿದ ಮೇಲೆ ಒಣ ರಸ್ತೇಲೂ ಇನ್ನೊಂದು 50-60 ಮೀಟರ್ ಬೇಕು. ಅವನು ಬಿಟ್ಟಿರೋದು ಐದು ಮೀಟರ್. ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಎಡಕ್ಕೆ ಇಂಡಿಕೇಟರ್ ಹಾಕಿ, ಸರೀರಿ.

ನಿಮ್ಮ ಮುಂದಿನ ಗಾಡಿಗೂ ಅಂತರ ಇರಲಿ. ಅದು ಒಂದು ಕಂಬ ದಾಟಿದ ಮೇಲೆ ನೀವು ಆ ಕಂಬ ಮುಟ್ಟೋಕೆ ಮೂರು ಸೆಕೆಂಡ್ ಹಿಡಿಯಬೇಕು.

ಅದಕ್ಕೇ ಇನ್ನೊಬ್ಬರು (ರಾಮನಗರ): ಅಷ್ಟು ಗ್ಯಾಪ್ ಬಿಟ್ರೆ ಮಧ್ಯೆ ಇನ್ನೊಬ್ಬ ತೂರ್ತಾನೆ ಮೇಷ್ಟ್ರೇ!

ಉತ್ತರ: ತೂರಲಿ. ಮತ್ತೆ ಮೂರು ಸೆಕೆಂಡ್ ಹಿಂದೆ ಬನ್ನಿ. ಮೈಸೂರು ಸೇರೋದರೊಳಗೆ ಹತ್ತು ಜನ ತೂರಿದ್ರು ಅಂತಿಟ್ಕೊಳ್ಳಿ, ನಿಮಗಾದ ನಷ್ಟ ಅರ್ಧ ನಿಮಿಷ. ಟೋಲ್‌ನಲ್ಲಿ ಫಾಸ್ಟ್ಯಾಗ್ ಓದದೆ ಇದ್ರೆ ಅದಕ್ಕಿಂತ ಜಾಸ್ತಿ ನಿಲ್ತೀರಿ.

ಪ್ರಶ್ನೆ (ವಿಜಯಪುರ, ಲಾರಿ ಚಾಲಕ): ಎಲ್ಲಾರೂ ಲಾರಿಯವ್ರನ್ನ ಬೈಯೋದೇ ಆತಲ್ರೀ. ಕಾರಿನವ್ರು ಓವರ್‌ಟೇಕ್ ಮಾಡಿ ಗಪ್ಪನ ನಮ್ಮ ಮುಂದ ಬಂದು ಬ್ರೇಕ್ ಹೊಡೀತಾರ. ಇಪ್ಪತ್ತು ಟನ್ ಲೋಡ್ ಇರ್ತೈತಿ, ನಿಲ್ಲಂದ್ರ ನಿಲ್ತೈತೇನ್ರೀ? ಬೈಕಿನವ್ರು ಎಡಕ್ಕ ಬಂದು ಬಾಗಲಾ ಕೆಳಗ ನಿಂತಿರ್ತಾರ, ಕಾಣೂದಿಲ್ಲ.

ಉತ್ತರ: ನೀವು ಹೇಳೋದು ನೂರಕ್ಕೆ ನೂರು ಸರಿ. ಕಾರಿನವರೇ, ಒಳಗಿನ ಕನ್ನಡೀಲಿ ಲಾರಿಯ ಮುಖ ಪೂರ್ತಿ, ಅದರ ಕೆಳಗೆ ರಸ್ತೆಯೂ ಕಾಣೋವರೆಗೆ ಎಡಕ್ಕೆ ಬರಬೇಡಿ. ಅವರು ಬಿಟ್ಟಿರೋ ಜಾಗ ಬ್ರೇಕ್ ಹಿಡಿಯೋಕೆ, ನೀವು ತುಂಬೋಕಲ್ಲ.

ಬೈಕಿನವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರದವರು. ಸಿಗ್ನಲ್‌ನಲ್ಲಿ ಬಸ್ಸಿನ ಎಡಕ್ಕೂ ಫುಟ್‌ಪಾತಿಗೂ ನಡುವೆ ತೂರಿ ನಿಲ್ತೀರಲ್ಲ, ಬಸ್ಸು ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಹೊರಗಿಂದ ಸುತ್ತು ಹಾಕಿ ಬರುತ್ತೆ, ಹಿಂದಿನ ಚಕ್ರ ಒಳಗಿಂದ ಅಡ್ಡ ಕೊಯ್ಕೊಂಡು ಬರುತ್ತೆ. ಮುಂದಿನ ಚಕ್ರ ದಾಟಿ ಹೋಯ್ತು, ಬಚಾವಾದೆ ಅನ್ನೋ ಜಾಗಕ್ಕೇ ಹಿಂದಿನದು ಬಂದಿರುತ್ತೆ. ಬಸ್ಸಿನ ಕನ್ನಡೀಲಿ ಡ್ರೈವರ್ ಮುಖ ನಿಮಗೆ ಕಾಣ್ತಿಲ್ಲ ಅಂದ್ರೆ ಅವನಿಗೂ ನೀವು ಕಾಣ್ತಿಲ್ಲ.

ನಿಮ್ಮಲ್ಲೂ ಒಂದು ವಿನಂತಿ ಅಣ್ಣಾ. ಗಾಡಿ ಕೆಟ್ಟಾಗ ಹಿಂದೆ ಕಲ್ಲು, ಮರದ ಕೊಂಬೆ ಇಡ್ತೀರಿ. ರಿಪೇರಿ ಆದ ಮೇಲೆ ಗಾಡಿ ಹೋಗುತ್ತೆ, ಕಲ್ಲು ಅಲ್ಲೇ ಇರುತ್ತೆ. ರಾತ್ರಿ ಬರೋ ಬೈಕಿನವನಿಗೆ ಅದೇ ಗಂಡಾಂತರ. ಕ್ಲೀನರ್ ಹತ್ತೋ ಮುಂಚೆ ಕಲ್ಲು ಎತ್ತಿ ಹಾಕಲಿ. ಹಿಂದಿನ ರೇಡಿಯಂ ಪಟ್ಟಿಯ ಮೇಲಿನ ಧೂಳನ್ನೂ ಆಗಾಗ ಒರೆಸಲಿ.

ಪ್ರಶ್ನೆ (ಗುಂಡ್ಲುಪೇಟೆ): ನಮ್ ಕಡೆ ಸುಗ್ಗೀಲಿ ರೋಡ್ ಮೇಲೇ ಹುರುಳಿ ಹರಡ್ತಾರೆ, ಗಾಡಿ ಹತ್ತಿ ಒಕ್ಕಣೆ ಆಗ್ಲಿ ಅಂತ. ಬೈಕ್ ಜಾರುತ್ತೆ. ಏನ್ ಮಾಡೋದು?

ಉತ್ತರ: ಕಣ ಮಾಡೋಕೆ ಜಾಗ, ಆಳು ಎರಡೂ ಇಲ್ಲದ ರೈತನ ಕಷ್ಟ ನನಗೂ ಗೊತ್ತು, ಆದ್ರೆ ಇದು ತಪ್ಪೇ. ಬೈಕಲ್ಲಿದ್ರೆ ಅದರ ಮೇಲೆ ಹೋಗುವಾಗ ಮುಂದಿನ ಬ್ರೇಕ್ ಮುಟ್ಟಬೇಡಿ, ವಾಲಬೇಡಿ, ಮೊದಲೇ ವೇಗ ಇಳಿಸಿ ನೇರ ದಾಟಿ. ಕಾರಿನವರಿಗೆ ಅಪಾಯ ಬೇರೆ. ಒಣಗಿದ ಬಳ್ಳಿ ಗಾಡಿ ಅಡಿ ಸುತ್ಕೊಂಡು ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತುತ್ತೆ, ಹೀಗೆ ಸುಟ್ಟುಹೋದ ಕಾರುಗಳಿವೆ. ದಪ್ಪಗೆ ಹರಡಿದ್ರೆ ಪಕ್ಕದಿಂದ ಹೋಗಿ. ಹೋಗಲೇಬೇಕಾಗಿ ಬಂದ್ರೆ ದಾಟಿದ ಮೇಲೆ ಹುಲ್ಲಿಲ್ಲದ ಜಾಗದಲ್ಲಿ ನಿಲ್ಲಿಸಿ, ಬಗ್ಗಿ ನೋಡಿ, ಕಡ್ಡೀಲಿ ಎಳೆದು ಹಾಕಿ. ಕೈ ಹಾಕಬೇಡಿ, ಸುಡುತ್ತೆ. ಹೊಗೆ ವಾಸನೆ ಬಂದ್ರೆ ಮೊದಲು ಮಕ್ಕಳನ್ನ ಇಳಿಸಿ.

ಪ್ರಶ್ನೆ (ತುಮಕೂರು): ರಾಂಗ್ ಸೈಡಲ್ಲಿ ಬರೋರಿಗೆ ಬುದ್ಧಿ ಹೇಳೋಕೆ ಹೋದ್ರೆ ಹೊಡೆಯೋಕೆ ಬರ್ತಾರೆ.

ಉತ್ತರ: ಹೇಳೋಕೆ ಹೋಗಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ರಾಂಗ್ ಸೈಡ್ ಓಡಿಸೋದು ಅದರ 184ನೇ ಕಲಂ ಪ್ರಕಾರ ಅಪಾಯಕಾರಿ ಚಾಲನೆ, ಜೈಲಿಗೂ ಅವಕಾಶ ಇದೆ. ಕೇಸು ಹಾಕೋದು ಪೊಲೀಸರ ಕೆಲಸ. ಬೆಂಗಳೂರಲ್ಲಾದ್ರೆ ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್‌ನಲ್ಲಿ ಫೋಟೋ ಹಾಕಬಹುದು, ಪಕ್ಕದಲ್ಲಿ ಕೂತವರು ತೆಗೀಲಿ. ಹೆದ್ದಾರೀಲಿ 1033, ತುರ್ತಿಗೆ 112. ಡಿವೈಡರ್ ಗ್ಯಾಪ್ ದೂರ ಇರೋ ಹಳ್ಳಿ ಹತ್ರ ರಾಂಗ್ ಸೈಡ್ ಬೈಕು ಬಂದೇ ಬರುತ್ತೆ. ಊರಿನ ಬೋರ್ಡ್ ಕಂಡ ಕೂಡಲೇ ಕಾಲು ಬ್ರೇಕ್ ಮೇಲಿರಲಿ.

ಪ್ರಶ್ನೆ (ಶಿವಮೊಗ್ಗ): ನಮ್ಮ ಯಜಮಾನರು ಸ್ಟೀರಿಂಗ್ ಹಿಡಿದ್ರೆ ಎಲ್ಲರನ್ನೂ ಬೈತಾನೇ ಇರ್ತಾರೆ. ಹಿಂದೆ ಕೂತ ಮಗ ಅದನ್ನೇ ಕಲೀತಿದಾನೆ. ಮದ್ದಿದೆಯಾ?

ಉತ್ತರ: ಇದೆ ತಾಯಿ, ನಮ್ಮ ಸ್ಕೂಲಲ್ಲಿ ದಿನಾ ಮಾಡಿಸ್ತೀವಿ. ಮುಂದಿನ ಗಾಡಿ ಈಗ ಏನು ಮಾಡುತ್ತೆ ಅಂತ ಅದು ಮಾಡೋ ಮೊದಲೇ ಜೋರಾಗಿ ಹೇಳಬೇಕು. "ಆಟೋ ಪಕ್ಕ ಜನ ಕೈ ಅಡ್ಡ ಹಾಕ್ತಿದಾರೆ, ಗಕ್ಕಂತ ನಿಲ್ತಾನೆ." "ಸ್ಕೂಟರ್ ಹುಡುಗನ ತಲೆ ಒಂದು ಕಡೆ ವಾಲಿದೆ, ಹೆಲ್ಮೆಟ್ ಒಳಗೆ ಫೋನಿದೆ, ನೋಡದೆ ತಿರುಗ್ತಾನೆ." ಯಜಮಾನರಿಗೂ ಮಗನಿಗೂ ಪೈಪೋಟಿ ಇಡಿ. ಮೊದಲು ಹೇಳಿದವರಿಗೆ ಒಂದು ಅಂಕ.

ಅವರೇ (ಸಂಜೆ): ಸಾಗರಕ್ಕೆ ಹೋಗಿ ಬಂದ್ವಿ. ಮಗ ಗೆದ್ದ. ಇವರು ಈಗ ಅವನು ಅಂಕ ಲೆಕ್ಕ ಹಾಕೋದ್ರಲ್ಲಿ ಮೋಸ ಮಾಡ್ದ ಅಂತ ಬೈತಿದಾರೆ.