ಮೇ ಸಾಟ್‌ನ ಮೆಡಿಕ್‌ಗಳಿಗೆ ಗ್ರಾಮರ್ ಬೇಕಾ?

ಕೆರೆದಂಡೆ: ಥಾಯ್ಲೆಂಡ್–ಬರ್ಮಾ ಗಡಿಯ ಮೇ ಸಾಟ್‌ನಲ್ಲಿ ಮೂರು ತಿಂಗಳು ಸ್ವಯಂಸೇವಕ ಮೆಡಿಕ್‌ಗಳಿಗೆ, ಅಂದರೆ ಡಾಕ್ಟರ್ ಅಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರಿಗೆ, ಇಂಗ್ಲಿಷ್ ಮಾತು ಕಲಿಸಿ ಬಂದೆ. ಹೆಚ್ಚಿನವರು ಬರ್ಮಾ ಗಡಿಯ ಕರೆನ್ ಜನಾಂಗದ ಹುಡುಗ ಹುಡುಗಿಯರು. ಹೊರಗಿನ ಡಾಕ್ಟರ್ ಬಂದಾಗ ರೋಗಿಯ ಕಥೆ ಹೇಳುವುದು ಇವರೇ. ಮೊದಲ ವಾರವೇ ಗ್ರಾಮರ್ ಪುಸ್ತಕ ಮುಚ್ಚಿಟ್ಟೆ. ‘ಫೀವರ್, ಹೌ ಮೆನಿ ಡೇ?’ ಅಂದರೆ ಸಾಕು.

ನಿವೃತ್ತ ಮೇಷ್ಟ್ರು: ‘ಸಾಕು’ ಅಂತೆ! ‘ಪೇಷೆಂಟ್ ಟೇಕ್ ಮೆಡಿಸಿನ್’ ಅಂದರೆ ಮಾತ್ರೆ ನುಂಗಿದ್ದಾರಾ, ನುಂಗಬೇಕಾ? ಕಾಲ ಗೊತ್ತಿಲ್ಲದಿದ್ದರೆ ಡೋಸ್ ಎರಡು ಸಲ ಬೀಳುತ್ತದೆ.

ಕೆರೆದಂಡೆ: ಮಾತ್ರೆ ವಿಷಯಕ್ಕೆ ಬಂದಿರಿ, ಕೇಳಿ. ಅಮೆರಿಕದವರು ‘ಟೈಲೆನಾಲ್ ಕೊಡಿ’ ಅಂತಾರೆ. ಕಪಾಟಿನಲ್ಲಿ ಇರುವುದು ಪ್ಯಾರಸಿಟಮಾಲ್. ಎರಡೂ ಒಂದೇ ಅಂತ ನಿಮ್ಮ ಯಾವ ಗ್ರಾಮರ್ ಪುಸ್ತಕದಲ್ಲಿದೆ?

ನರ್ಸಕ್ಕ: ಡೋಸ್‌ನಲ್ಲಿ ಕೈಕೊಡುವುದು ಕಾಲ ಅಲ್ಲ ಮೇಷ್ಟ್ರೇ, ಅಂಕಿ. ಫಿಫ್ಟೀನ್, ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳುತ್ತದೆ. ನಾವು ‘ಒನ್ ಫೈವ್’ ಅಂತ ಬಿಡಿಸಿ ಹೇಳುತ್ತೇವೆ. ಸಿಂಗಾಪುರದ ನಮ್ಮ ವಾರ್ಡಿನಲ್ಲಿ ಬರ್ಮಾದವರಿದ್ದಾರೆ. ‘ನೋ ಪೇನ್?’ ಅಂದರೆ ‘ಯೆಸ್’ ಅಂತಾರೆ. ಅಂದರೆ, ಹೌದು, ನೋವಿಲ್ಲ ಅಂತ. ಕೇಳಿದ ಡಾಕ್ಟರ್ ನೋವಿದೆ ಅಂತ ಬರೆದುಕೊಳ್ಳುತ್ತಾರೆ.

ನಿವೃತ್ತ ಮೇಷ್ಟ್ರು: ನೋಡಿ, ತಪ್ಪು ಇಂಗ್ಲಿಷ್! ನಾನು ಹೇಳಿದ್ದೇ ಇದು.

ಧಾರವಾಡ ಪೇಡಾ: ತಪ್ಪು ಯಾಕ್ರೀ? ನಾವೂ ಹಂಗೇ. ‘ಊಟ ಆಗಿಲ್ವಾ?’ ಅಂದ್ರ ‘ಹೂಂ, ಆಗಿಲ್ಲ’ ಅಂತೀವಿ.

ಅಗ್ರಹಾರ: ಯಾರು ಅಂತಾರೆ? ಮೈಸೂರಿನಲ್ಲಿ ‘ಇಲ್ಲ, ಆಗಿಲ್ಲ’. ಹೂಂ ಅನ್ನುವುದನ್ನು ನಾನಂತೂ ಕೇಳಿಲ್ಲ.

ಧಾರವಾಡ ಪೇಡಾ: ಮೈಸೂರು ಅಂದ್ರ ಕರ್ನಾಟಕ ಅಷ್ಟೂ ಅಲ್ಲ.

ಅಗ್ರಹಾರ: ಹಾಗೆ ಹೇಳಿದ್ನಾ? ಸುಮ್ನೆ ಬಾಯಿಗೆ ಮಾತು ತುರುಕಬೇಡಿ.

ಕೆರೆದಂಡೆ: ವಿಷಯಕ್ಕೆ ಬರೋಣ. ಡಾ. ಸಿಂಥಿಯಾ ಮೌಂಗ್ 1989ರಲ್ಲಿ ಮೇ ಸಾಟ್‌ನಲ್ಲೇ ಮೇ ತಾವ್ ಕ್ಲಿನಿಕ್ ಶುರು ಮಾಡಿದರು. 2002ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಗಡಿಯ ಜನರನ್ನೇ ಮೆಡಿಕ್ ಮಾಡಿದರು, ಗ್ರಾಮರ್ ಪಾಸಾಗಲಿ ಅಂತ ಕಾಯಲಿಲ್ಲ.

ನಿವೃತ್ತ ಮೇಷ್ಟ್ರು: ಅವರು ಸ್ವತಃ ಡಾಕ್ಟರ್. ಇಂಗ್ಲಿಷ್ ಓದದೆ ಆದರಾ?

ಅಗ್ರಹಾರ: ನಮ್ಮಜ್ಜಿಗೆ 90 ವರ್ಷ. ಈಗಷ್ಟೇ ಕೇಳಿದೆ. ‘ಇಲ್ಲ’ ಅಂದರು.

ಧಾರವಾಡ ಪೇಡಾ: ನಡುರಾತ್ರಿ ಎಬ್ಬಿಸಿದ್ರ ಎಲ್ಲದಕ್ಕೂ ‘ಇಲ್ಲ’ನ ಅಂತಾರ.

ಅಗ್ರಹಾರ: ಅಜ್ಜಿ ಸುದ್ದಿಗೆ ಬರಬೇಡಿ!

ನರ್ಸಕ್ಕ: ಅಯ್ಯೋ, ‘ನೋ’ ಹಾಕಿ ಪ್ರಶ್ನೆಯನ್ನೇ ಕೇಳಬೇಡಿ ಅಂತ ಕಲಿಸಿದರೆ ಮುಗೀತು. ‘ಪೇನ್? ವೇರ್?’ ಅನ್ನಬೇಕು, ರೋಗಿ ಬೆರಳಿಟ್ಟು ತೋರಿಸಲಿ.

ನಿವೃತ್ತ ಮೇಷ್ಟ್ರು: ‘ವೇರ್’ ಅಲ್ಲ, ‘ವೇರ್ ಈಸ್ ದಿ ಪೇನ್’.

ನರ್ಸಕ್ಕ: ಅಗ್ರಹಾರದವರೇ, ಗಂಟೆ ಒಂದಾಯಿತು. ಇನ್ನೂ ಮಲಗಿಲ್ವಾ?

ಅಗ್ರಹಾರ: ಹೂಂ ಕಣ್ರೀ, ನೀವೆಲ್ಲ ಬಿಟ್ಟರೆ ತಾನೇ.

ಧಾರವಾಡ ಪೇಡಾ: ಆಹಾ!

ಅಗ್ರಹಾರ: ಅದು ಬೇರೆ ಹೂಂ.